ಧಾರವಾಡದಲ್ಲಿ ಹುಟ್ಟಿದ ಒಬ್ಬ ಬೌಲರ್

ನನ್ನ ಬಾಲ್ಯದ ಬೇವೂರಿನಲ್ಲಿ ಚಹಾದಂಗಡಿಯೊಂದರ ಹೊರಗೋಡೆಯ ಗೂಡಿನಲ್ಲಿ ಎರಡು ಲೋಟಗಳಿರುತ್ತಿದ್ದವು. ಎರೆಹೊಲದಲ್ಲಿ ನಮ್ಮೆಲ್ಲರನ್ನೂ ಔಟು ಮಾಡುತ್ತಿದ್ದ ಗೆಳೆಯ, ಆಟ ಮುಗಿದ ಮೇಲೆ ಅವುಗಳಲ್ಲೊಂದನ್ನು ತಾನೇ ತೊಳೆದುಕೊಂಡು ಹೊರಗೆ ನಿಂತು ಚಹಾ ಕುಡಿಯುತ್ತಿದ್ದ. ನಾನು ಒಳಗೆ ಕೂತಿರುತ್ತಿದ್ದೆ. ಅದರ ಕುರಿತು ಒಂದು ಮಾತನ್ನೂ ಆಡಿದವನಲ್ಲ. ಪಲ್ವಂಕರ್ ಬಾಲು ಅವರನ್ನು ಕುರಿತು ರಾಮಚಂದ್ರ ಗುಹಾ ಬರೆದುದನ್ನು ಓದುವಾಗ ಆ ಗೂಡು ಕಣ್ಣಮುಂದೆ ಬಂದಿತು.

ಬಾಲು 1876ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರ ಸಮುದಾಯದವರು. ಧಾರವಾಡವೂ ನಮ್ಮ ಬೇವೂರೂ ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಪುಣೆಯ ಯುರೋಪಿಯನ್ನರ ಜಿಮಖಾನದಲ್ಲಿ ತಿಂಗಳಿಗೆ 4 ರೂಪಾಯಿಯ ಕೂಲಿಗೆ ಅವರು ಅಂಕಣಕ್ಕೆ ಉರುಳುಗಲ್ಲು ಎಳೆದರು, ಬಲೆ ಕಟ್ಟಿದರು, ಬಿಳಿಯರಿಗೆ ಅಭ್ಯಾಸಕ್ಕೆಂದು ಚೆಂಡೆಸೆದರು. ಗ್ರೇಗ್ ಎಂಬ ದಾಂಡಿಗ ತನ್ನನ್ನು ಔಟು ಮಾಡಿದಾಗಲೆಲ್ಲ 8 ಆಣೆ ಕೊಡುತ್ತಿದ್ದನೆಂಬ ಕಥೆಯುಂಟು. ದಾಂಡು ಹಿಡಿಯುವ ಅವಕಾಶ ಮಾತ್ರ ಅಲ್ಲಿ ಅವರದಾಗಿರಲಿಲ್ಲ. ಬೆವರು ಸುರಿಸುವ ಬೌಲಿಂಗು ಆಳಿನ ಕೆಲಸ, ಬ್ಯಾಟಿಂಗು ದೊರೆಯ ವಿನೋದ!

ಆ ಎಡಗೈ ಸ್ಪಿನ್ನು ಪುಣೆಯ ಹಿಂದೂ ತಂಡಕ್ಕೂ ಬೇಕಾಯಿತು. ಮೈದಾನದಲ್ಲಿ ಎಲ್ಲರೂ ಮುಟ್ಟುವ ಚೆಂಡನ್ನೇ ಅವರೂ ಮುಟ್ಟಿದರು. ಚಹಾದ ವೇಳೆಗೆ ಅವರಿಗೆ ಹೊರಗೆ, ಬೇರೆಯದೇ ಮಣ್ಣಿನ ಬಟ್ಟಲಿನಲ್ಲಿ. ಒಂದೇ ಮಧ್ಯಾಹ್ನದಲ್ಲಿ ಚೆಂಡಿಗೊಂದು ನ್ಯಾಯ, ಬಟ್ಟಲಿಗೊಂದು ನ್ಯಾಯ. ನನ್ನನ್ನು ಕಾಡುವುದು ಇದೇ. 1906ರಲ್ಲಿ ಹಿಂದೂ ತಂಡ ಮುಂಬಯಿಯಲ್ಲಿ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಬಾಲು ಆ ತಂಡದಲ್ಲಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ತಂಡ ಸೋತು ಸುಣ್ಣವಾಯಿತು; ಬಾಲು ಒಬ್ಬರೇ 114 ವಿಕೆಟ್ ಕಿತ್ತರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. ಮೊದಲ ಮಹಾಯುದ್ಧ ಮುಗಿಯುವಾಗ ಅವರು ನಲವತ್ತು ದಾಟಿದ್ದರು. 1920ರಲ್ಲಿ ಸಿಕ್ಕಿದ್ದು ಉಪನಾಯಕನ ಪಟ್ಟ, ಅದೂ ಸೋದರರ ಪ್ರತಿಭಟನೆಯ ಬಳಿಕ. ನಾಯಕರಾದವರು ತಮ್ಮ ವಿಠ್ಠಲ, 1923ರಲ್ಲಿ. 1937ರ ಚುನಾವಣೆಯಲ್ಲಿ ಬಾಲು ಅಂಬೇಡ್ಕರರ ಎದುರು ನಿಂತು ಸೋತರು. 13,245 ಮತಗಳ ಎದುರು 11,225. ಅವರನ್ನು ಮೆಚ್ಚಿ ಮಾತನಾಡಿದ್ದ ಅಂಬೇಡ್ಕರರ ವಿರುದ್ಧವೇ ಅವರನ್ನು ನಿಲ್ಲಿಸಿದ್ದರಲ್ಲಿಯೂ ಯಾರದೋ ಅಭ್ಯಾಸಕ್ಕೆ ಚೆಂಡೆಸೆದ ಛಾಯೆ ನನಗೆ ಕಾಣುತ್ತದೆ. 1955ರಲ್ಲಿ ಅವರು ಮುಂಬಯಿಯಲ್ಲಿ ತೀರಿಕೊಂಡರು.

ಕಳೆದ ಬಾರಿ ಊರಿಗೆ ಹೋದಾಗ ಗೆಳೆಯನಿಗೆ ಈ ಕಥೆ ಹೇಳಿದೆ. ಬಟ್ಟಲಿನ ಮಾತಿಗೆ ಅವನು ಏನೂ ಅನ್ನಲಿಲ್ಲ. "ಎಡಗೈ ಅಂದ್ಯಲ್ಲ, ಚೆಂಡು ಯಾವ ಕಡಿಗೆ ತಿರಗತಿತ್ತು?" ಎಂದು ಕೇಳಿದ.