ಗೇಣಿ ಕಾರು

ನಮ್ಮ ಮನೆಯ ಮುಂದೆ ಈಗ ಒಂದು ಕಾರು ನಿಂತಿರುತ್ತದೆ. ‘ನಮ್ಮ ಕಾರು’ ಎಂದು ಬರೆಯಲು ಹೊರಟವನು ತಡೆದು ಹೀಗೆ ಬರೆದಿದ್ದೇನೆ. ‘ನಮ್ಮ ಮನೆ’ ಎಂದದ್ದೂ ಪೂರ್ತಿ ಸತ್ಯವೇನಲ್ಲ. ಅದು ಕೆಳಗಡೆ ಇರುವ ನಿವೃತ್ತ ಇಂಜಿನಿಯರರ ಮನೆ, ನಾವು ಮಹಡಿಯ ಬಾಡಿಗೆಯವರು. ಆದರೆ ಬಾಡಿಗೆಯ ಮನೆಯನ್ನು ನಮ್ಮದೆನ್ನುವುದಕ್ಕೆ ಬೆಂಗಳೂರಿನಲ್ಲಿ ಯಾರ ಆಕ್ಷೇಪಣೆಯೂ ಇಲ್ಲ. ಕಾರಿನ ವಿಷಯ ಹಾಗಲ್ಲ ಎಂಬುದು ಅದು ಬಂದ ದಿನವೇ ತಿಳಿಯಿತು.

ಎದುರು ಮನೆಯವರು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಸಿರು ನಂಬರು ಫಲಕವನ್ನು ನೋಡಿ, “ಕರೆಂಟಿನದೋ! ಎಷ್ಟಾಯಿತು ಮೇಷ್ಟ್ರೇ?” ಎಂದರು.

“ಕೊಂಡದ್ದಲ್ಲ ಸಾರ್, ಲೀಸಿಗೆ ತೆಗೆದುಕೊಂಡದ್ದು.”

“ಬಹಳ ಒಳ್ಳೆಯದಾಯಿತು. ಎಷ್ಟು ಲಕ್ಷ ಕೊಟ್ಟಿರಿ? ವಾಪಸು ಮಾಡುವಾಗ ಪೂರ್ತಿ ಕೊಡುತ್ತಾರೆ ತಾನೆ?”

ತಪ್ಪು ಅವರದಲ್ಲ. ನಮ್ಮ ಊರಿನಲ್ಲಿ ಲೀಸು ಎಂದರೆ ಭೋಗ್ಯ. ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಅವಧಿ ಮುಗಿದಾಗ ಗಂಟನ್ನು ಎಣಿಸಿಕೊಂಡು ಹೊರಡುವುದು. ನಾನು ತಿಂಗಳಿಗೆ 24 ಸಾವಿರದಂತೆ ಮೂರು ವರ್ಷ ಕಟ್ಟಬೇಕು, ಕೊನೆಗೆ ಕಾರನ್ನೂ ಹಿಂದಕ್ಕೆ ಕೊಡಬೇಕು ಎಂದು ಕೇಳಿ ಅವರ ಮುಖ ಸಣ್ಣದಾಯಿತು. “ಹಾಗಾದರೆ ಅದಕ್ಕೆ ಬಾಡಿಗೆ ಅನ್ನಿ” ಎಂದು ಹೇಳಿ ಹೊರಟುಹೋದರು. ಕನ್ನಡದ ಅಧ್ಯಾಪಕನಿಗೆ ಶಬ್ದಪ್ರಯೋಗದ ಪಾಠವಾಯಿತು.

ಬಾಡಿಗೆಯೆ? ಬಾಡಿಗೆಯ ಕಾರಿಗೆ ಚಾಲಕನಿರುತ್ತಾನೆ, ಸಂಜೆಗೆ ಹೊರಟುಹೋಗುತ್ತಾನೆ. ಗುತ್ತಿಗೆಯೆ? ಗುತ್ತಿಗೆ ಎಂದೊಡನೆ ಸೇತುವೆಯೂ ಡಾಂಬರೂ ನೆನಪಿಗೆ ಬರುತ್ತವೆ. ಭೋಗ್ಯವಂತೂ ಅಲ್ಲವೆಂದು ಆಗಲೇ ತೀರ್ಮಾನವಾಯಿತು. ಉಳಿದದ್ದು ಇನ್ನೊಂದು ಶಬ್ದ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದವರು ನನ್ನ ತಂದೆ. ಆ ಸಂಗತಿ ಮುಂದೆ ಬರುತ್ತದೆ.

ಲೀಸಿಗೆ ಏಕೆ ಹೋದೆ ಎಂದರೆ ಲೆಕ್ಕ ಹಾಗೆ ಹೇಳಿತು. ನಮ್ಮಪ್ಪ, ಅಮ್ಮ ಇರುವುದು ಸಾಗರದ ಆಚೆಯ ಒಂದು ಹಳ್ಳಿಯಲ್ಲಿ. ಬೆಂಗಳೂರಿನಿಂದ 380 ಕಿಲೋಮೀಟರು. ಕೊನೆಯ ಮೂರು ಮೈಲಿ ಮಳೆಗಾಲದಲ್ಲಿ ರಸ್ತೆಯೋ ಹಳ್ಳವೋ ಎಂದು ನಿರ್ಣಯಿಸುವುದು ಕಷ್ಟ. ಅದಕ್ಕೆ ನೆಲದಿಂದ ಎತ್ತರ ನಿಲ್ಲುವ ಎಸ್‌ಯುವಿ ಬೇಕು. ಅಪ್ಪಯ್ಯನ ಕಣ್ಣಿಗೆ ಪೊರೆ ಬರತೊಡಗಿತ್ತು. ತಿಂಗಳಿಗೊಮ್ಮೆಯಾದರೂ ಹೋಗಿಬರಬೇಕು, ಅಷ್ಟು ದೂರಕ್ಕೆ ಪೆಟ್ರೋಲು ಸುಡುವುದು ನನ್ನ ಕೈಲಾಗದು. 2024ರ ಜನವರಿಯಲ್ಲಿ ಟಾಟಾದವರ ಪಂಚ್ ವಿದ್ಯುತ್ ಅವತಾರವೆತ್ತಿ 10.99 ಲಕ್ಷದ ಆರಂಭದ ಬೆಲೆಗೆ ಬಂದಾಗಿನಿಂದ, ನಮ್ಮಂಥವರೂ ಇಂಥ ಗಾಡಿಗಳ ಕಡೆ ಕತ್ತೆತ್ತಿ ನೋಡುವಂತಾಗಿತ್ತು. ಕೊಳ್ಳಲು ಮಾತ್ರ ಧೈರ್ಯ ಬರಲಿಲ್ಲ. ಬ್ಯಾಟರಿಗೆ ಎಂಟು ವರ್ಷದ ಭರವಸೆ ಕೊಡುವುದೇನೋ ನಿಜ. ಆದರೆ ಎಂಟು ವರ್ಷದಲ್ಲಿ ಈ ಬ್ಯಾಟರಿಯ ಜಾತಿಯೇ ಬದಲಾಗಿ, ನನ್ನ ಗಾಡಿಯನ್ನು ಕೇಳುವವರಿಲ್ಲದೆ ಹೋದರೆ? ಮುಪ್ಪಾಗುವ ಭಯ ಗಾಡಿಯ ಒಡೆಯನಿಗೇ ಇರಲಿ, ನಾನು ಓಡಿಸಿ ಬಿಡುತ್ತೇನೆ ಎಂಬುದು ನನ್ನ ಜಾಣತನ. ವಿಮೆ, ರಿಪೇರಿ ಎಲ್ಲ ಕಂತಿನಲ್ಲೇ ಸೇರಿತ್ತು.

ಒಪ್ಪಂದದ ಪತ್ರ 22 ಪುಟ. ನಾನು ತರಗತಿಯಲ್ಲಿ ಹಳಗನ್ನಡದ ಶಾಸನಗಳನ್ನು ಓದಿಸುವವನು. ದಾನಶಾಸನಗಳ ಕೊನೆಗೆ ಶಾಪಾಶಯ ಇರುವುದನ್ನು ಓದುಗರು ಬಲ್ಲರು. ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂದು ಮುಗಿಯುತ್ತವೆ. ಈ ಪತ್ರದ ಶಾಪಾಶಯ ಹದಿನೇಳನೆಯ ಪುಟದಲ್ಲಿತ್ತು: ಅವಧಿಗೆ ಮುಂಚೆ ಬಿಟ್ಟವನಿಗೆ ಇಷ್ಟು, ಬಾಗಿಲಿಗೆ ಗೀರು ಬಿದ್ದರೆ ಇಷ್ಟು, ವರ್ಷಕ್ಕೆ 12,000 ಕಿಲೋಮೀಟರು ಮೀರಿದವನಿಗೆ ಕಿಲೋಮೀಟರಿಗೆ 8 ರೂಪಾಯಿ. ಕವಿಲೆಯ ಪಾಪವಾದರೆ ಮುಂದಿನ ಜನ್ಮಕ್ಕೆ. ಇದು ಮುಂದಿನ ತಿಂಗಳಿಗೆ. ರುಜು ಹಾಕಿದೆ. ನೋಂದಣಿ ಪತ್ರದಲ್ಲಿ ಮಾಲೀಕರ ಜಾಗದಲ್ಲಿ ಲೀಸು ಕಂಪನಿಯ ಹೆಸರು ಬಂತು.

ಇದಕ್ಕಿಂತ ಸೂಕ್ಷ್ಮವಾದ ಏರ್ಪಾಡೂ ಉಂಟು. 2024ರ ಸೆಪ್ಟೆಂಬರಿನಲ್ಲಿ ಎಂ.ಜಿ. ಕಂಪನಿಯವರು ವಿಂಡ್ಸರ್ ಎಂಬ ಗಾಡಿಯನ್ನು ತಂದಾಗ, 9.99 ಲಕ್ಷಕ್ಕೆ ಕಾರು ನಿಮ್ಮದು, ಬ್ಯಾಟರಿ ಮಾತ್ರ ನಮ್ಮದು, ಅದಕ್ಕೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಕೊಡಿ ಎಂದರು. ಜಮೀನು ನಿನ್ನದು, ಮಾವಿನ ಮರದ ಫಲ ನನ್ನದು ಎಂದು ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆ. ನನಗೆ ಅಷ್ಟು ಸೂಕ್ಷ್ಮ ಬೇಡವಾಯಿತು.

ಮನೆಯ ಯಜಮಾನರು ನಿವೃತ್ತ ಇಂಜಿನಿಯರರೆಂದೆನಷ್ಟೆ. ಅವರು ಬಹಳ ಸಂತೋಷದಿಂದ ಕೆಳಗೆ ಒಂದು ದಪ್ಪ ಪ್ಲಗ್ಗನ್ನೂ ಪ್ರತ್ಯೇಕ ಮೀಟರನ್ನೂ ಹಾಕಿಸಿಕೊಟ್ಟರು. ಅದಕ್ಕೆ ಪ್ರತಿಯಾಗಿ ಒಂದು ಗಂಟೆಯ ಉಪನ್ಯಾಸವನ್ನು ನಾನು ಕೇಳಬೇಕಾಯಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ತು ಹೋದದ್ದು, 1905ರಲ್ಲಿ ಬೆಂಗಳೂರಿಗೆ ದೀಪ ಬಂದದ್ದು, ಈ ಊರಿನವರೇ ತಯಾರಿಸಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲೇ ರಸ್ತೆಗೆ ಇಳಿದದ್ದು, 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ನಮ್ಮದು ಎಂಬುದು. “ನೀವು ತಡವಾಗಿ ಬಂದಿರಿ ಮೇಷ್ಟ್ರೇ” ಎಂದರು. ರಾತ್ರಿ ಪ್ಲಗ್ಗು ಸಿಕ್ಕಿಸಿ ಮಲಗಿದರೆ ಬೆಳಗ್ಗೆಗೆ ಹೊಟ್ಟೆ ತುಂಬಿರುತ್ತದೆ. ಒಂದು ಯೂನಿಟ್ಟಿಗೆ ಏಳು ಕಿಲೋಮೀಟರು ಓಡುತ್ತದೆ. ಕಿಲೋಮೀಟರಿಗೆ ಒಂದು ರೂಪಾಯಿಯ ಆಸುಪಾಸು. ಸದ್ದಿಲ್ಲ, ಹೊಗೆಯಿಲ್ಲ. ಓಡಿಸುವ ಸುಖದ ಬಗ್ಗೆ ನನ್ನ ದೂರು ಏನೂ ಇಲ್ಲ.

2025ರ ಸಂಕ್ರಾಂತಿಗೆ ಮೊದಲ ಸಲ ಊರಿಗೆ ಹೋದೆವು. ತಿಪಟೂರಿನ ಹತ್ತಿರ ಹೋಟೆಲಿನ ಅಂಗಳದಲ್ಲಿ ಮುಕ್ಕಾಲು ಗಂಟೆ, ಶಿವಮೊಗ್ಗದಲ್ಲಿ ಇನ್ನಷ್ಟು ಹೊತ್ತು ಕಾರಿಗೆ ಮೇವು ಹಾಕಿ, ಕತ್ತಲಾಗುವ ಹೊತ್ತಿಗೆ ತಲುಪಿದೆವು. ಅಮ್ಮ ಆರತಿ ತಂದಳು. ಬಚ್ಚಲುಮನೆಯ ಗೀಸರಿನ ಪ್ಲಗ್ಗಿಗೆ ತಂತಿ ಎಳೆಯುತ್ತ, “ಕರೆಂಟಿನ ಬಿಲ್ಲು ಜಾಸ್ತಿ ಬಂದರೆ ನಾನು ಕೊಡ್ತೇನೆ ಅಮ್ಮ” ಎಂದೆ. ಅಮ್ಮನ ತವರು ಲಿಂಗನಮಕ್ಕಿಯ ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಅವಳಿಗೆ ಹತ್ತು ವರ್ಷ. “ಹಾಕ್ಕ ಮಾರಾಯ, ನಮ್ಮನೆ ಮುಳುಗಿಸಿ ತೆಗೆದ ಕರೆಂಟಲ್ಲನ ಅದು” ಎಂದು ಒಳಗೆ ಹೋದಳು.

ಅಪ್ಪಯ್ಯ ಮಾತ್ರ ಬೇಗ ಹತ್ತಿರ ಬರಲಿಲ್ಲ. ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಮುಗಿಸಿ, ಆಮೇಲೆ ಕೇಳಿದರು: “ಗಾಡಿ ಯಾರ ಹೆಸರಲ್ಲಿ ಇದೆಯೋ?”

ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು.

“ಅಂದರೆ ನಿನ್ನ ಹೆಸರು 12ನೇ ಕಾಲಮ್ಮಿನಲ್ಲಿ.”

ಪೇಟೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಪಹಣಿಯಲ್ಲಿ 9ನೆಯ ಕಾಲಮ್ಮು ಒಡೆಯನದು, 12ನೆಯದು ಸಾಗುವಳಿ ಮಾಡುವವನದು. ನನ್ನ ಅಜ್ಜ ಗೇಣಿಗೆ ಗದ್ದೆ ಮಾಡಿದವರು. ಬೆಳೆದ ಭತ್ತವನ್ನು ಒಡೆಯರ ಅಂಗಳದಲ್ಲಿ ಒಡೆಯರ ಕೊಳಗದಲ್ಲಿ ಅಳೆದು ಕೊಡಬೇಕು. ಆ ಕೊಳಗ ಊರಿನ ಕೊಳಗಕ್ಕಿಂತ ದೊಡ್ಡದು. 1951ರಲ್ಲಿ ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು, ರಾಮಮನೋಹರ ಲೋಹಿಯಾ ಬಂದು ದಸ್ತಗಿರಿಯಾದದ್ದು, ಇದೆಲ್ಲದರ ಮೂಲದಲ್ಲಿ ಇದ್ದದ್ದು ಅಂಥ ಒಂದು ಕೊಳಗದ ಗಾತ್ರ. ಅಜ್ಜ 12ನೆಯ ಕಾಲಮ್ಮಿಗೂ ಬರದೆ ತೀರಿಕೊಂಡರು. 1974ರ ಮಾರ್ಚ್ ಒಂದರಂದು ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಬಂದು, ಗೇಣಿದಾರರು ಫಾರಂ 7 ತುಂಬಿ ಕೊಟ್ಟರೆ ಹಕ್ಕು ಸಿಗುತ್ತದೆ ಎಂದಾದಾಗ, ಅಪ್ಪಯ್ಯನಿಗೆ ಇಪ್ಪತ್ತೆಂಟು. ಭೂನ್ಯಾಯಮಂಡಳಿಯ ಮುಂದೆ ಎಷ್ಟು ಸಲ ನಡೆದರೋ ಅವರಿಗೇ ಲೆಕ್ಕವಿಲ್ಲ. ಒಂದು ಎಕರೆ ಮೂವತ್ತು ಗುಂಟೆಗೆ ಅವರ ಹೆಸರು 12ರಿಂದ 9ಕ್ಕೆ ದಾಟಿತು. ಆ ಮೂರು ಕಾಲಮ್ಮುಗಳ ದೂರವನ್ನು ದಾಟಲು ಎರಡು ತಲೆಮಾರು ಬೇಕಾಯಿತು. ಆ ಗದ್ದೆಯ ಅನ್ನದಿಂದಲೇ ನಾನು ಎಂ.ಎ. ಮಾಡಿದ್ದು.

“ಮೂರು ವರ್ಷ ಓಡಿಸಿದ ಮೇಲೆ ಓಡಿಸಿದವನಿಗೇ ಆಗುವ ಕಾಯಿದೆ ಇಲ್ಲವನ? ಫಾರಂ 7?” ಎಂದು ಅಪ್ಪಯ್ಯ ನಕ್ಕರು. “ಬೇಕಿದ್ದರೆ ಆಗ ಬೆಲೆ ಕೊಟ್ಟು ಕೊಳ್ಳಬಹುದು ಅಪ್ಪಯ್ಯ” ಎಂದೆ. “ಸರಿ ಹಾಗಾದರೆ. ಗೇಣಿ ಕಾರು” ಎಂದರು. ಶಬ್ದ ಸಿಕ್ಕಿತು. ನಾನೂ ನಕ್ಕೆ. ಭೂಮಿ ಬೇರೆ, ಕಾರು ಬೇರೆ. ಭೂಮಿ ಹೆಚ್ಚುತ್ತದೆ, ಕಾರು ಸವೆಯುತ್ತದೆ. ಸವೆಯುವ ವಸ್ತುವಿನ ಒಡೆತನಕ್ಕೆ ಆಸೆ ಪಡಬಾರದು ಎಂದು ದೊಡ್ಡ ಅರ್ಥಶಾಸ್ತ್ರವನ್ನೇ ಹೇಳಿದೆ. ಈಗಲೂ ಆ ಅರ್ಥಶಾಸ್ತ್ರ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಆದರೆ ಕೊಳಗವನ್ನು ನಾನು ಮರೆತಿದ್ದೆ.

ಕಾಲೇಜಿಗೆ ಹೋಗಿಬರುವುದು ದಿನಕ್ಕೆ 22 ಕಿಲೋಮೀಟರು. ಅದನ್ನು ಕಳೆದರೆ ವರ್ಷಕ್ಕೆ ಸುಮಾರು ಆರು ಸಾವಿರ ಉಳಿಯುತ್ತದೆ. ಊರಿಗೆ ಹೋಗಿಬರಲು 760. ಅಂದರೆ ಎಂಟು ಸಲ. ತಂದೆತಾಯಿಗಳನ್ನು ವರ್ಷಕ್ಕೆ ಎಂಟು ಸಲ ನೋಡಬಹುದೆಂದು ನಾನು 22 ಪುಟಗಳಲ್ಲಿ ಒಪ್ಪಿ ರುಜು ಹಾಕಿದ್ದೆ. ಯಾರೂ ನನ್ನ ಕೈ ಹಿಡಿದು ಹಾಕಿಸಿರಲಿಲ್ಲ. ಇದು ಹೊಳೆದದ್ದು ಜೂನ್ ತಿಂಗಳಿನಲ್ಲಿ, ಮೀಟರು ವೇಗವಾಗಿ ಓಡುತ್ತಿದೆ ಎಂದು ಕಂಡಾಗ. ಜುಲೈಯಲ್ಲಿ ಅಪ್ಪಯ್ಯ ಫೋನು ಮಾಡಿ, ಸಾಗರದ ಡಾಕ್ಟರು ಕಣ್ಣಿನ ಪೊರೆ ತೆಗೆಯಲು ದಿನ ಕೊಟ್ಟಿದ್ದಾರೆ, ಅಂಥಾದ್ದೇನೂ ಇಲ್ಲ, ಬರಬೇಕೆಂದೇನೂ ಇಲ್ಲ ಎಂದರು. ಬರಬೇಕೆಂದೇನೂ ಇಲ್ಲ ಎಂದರೆ ಬಾ ಎಂದರ್ಥ ಎಂಬುದನ್ನು ತಿಳಿಯಲು ಭಾಷಾಶಾಸ್ತ್ರ ಬೇಡ. ನಾನು ಹೋಗಲಿಲ್ಲ. ತಾಳಗುಪ್ಪದ ರೈಲಿತ್ತು. ಮನೆ ಮುಂದೆ ಕಾರು ನಿಂತಿರುವಾಗ ರೈಲಿಗೆ ಹೋದರೆ ಕಂತು ದಂಡ. ಕಾರಿನಲ್ಲಿ ಹೋದರೆ ಕಿಲೋಮೀಟರು ದಂಡ. ಎರಡೂ ದಂಡಗಳನ್ನು ತಪ್ಪಿಸಿಕೊಂಡು ಮನೆಯಲ್ಲೇ ಉಳಿದೆ. ನೆರೆಮನೆಯ ಹುಡುಗನೊಬ್ಬ ಅಪ್ಪಯ್ಯನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಂದ.

ಗೌರಿ ಹಬ್ಬಕ್ಕೆ ಹೋದೆವು. ಅಪ್ಪಯ್ಯ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿದ್ದರು. ಊಟಕ್ಕೆ ಕುಳಿತಾಗ ಅಮ್ಮ, “ಆಪರೇಶನ್ನಿಗೆ ನೀನು ಬರ್ತಿ ಅಂದುಕೊಂಡಿದ್ದೆ” ಎಂದಳು. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು ಎಂದೆ. ನನ್ನ ಮಗಳು ಐದನೆಯ ತರಗತಿ. ಸತ್ಯವನ್ನೇ ಹೇಳಬೇಕೆಂದು ಅವಳಿಗೆ ನಾನೇ ಕಲಿಸಿದ್ದು. “ಅಲ್ಲ ಅಜ್ಜಿ, ಕಿಲೋಮೀಟರ್ ಮುಗಿದುಹೋಗತ್ತೆ ಅಂತ ಅಪ್ಪ ಬರಲಿಲ್ಲ” ಎಂದಳು.

ಯಾರೂ ಏನೂ ಹೇಳಲಿಲ್ಲ. ನನ್ನಾಕೆ ತಲೆ ತಗ್ಗಿಸಿ ಹುಳಿ ಬಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಅಪ್ಪಯ್ಯ ಕೇಳಿದರು: “ಮೀರಿದರೆ ಎಷ್ಟು?”

“ಕಿಲೋಮೀಟರಿಗೆ ಎಂಟು ರೂಪಾಯಿ.”

“ಒಂದು ಸಲ ಬಂದು ಹೋದರೆ ಆರು ಸಾವಿರದ ಎಂಬತ್ತು” ಎಂದರು. ನಾನು ಕಾಗದದ ಮೇಲೆ ಹಾಕಿದ ಲೆಕ್ಕವನ್ನು ಅವರು ಮಜ್ಜಿಗೆ ಅನ್ನ ಕಲಸುತ್ತ ಹಾಕಿದ್ದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಅವರಿಗೆ ಕಣ್ಣು ತೋರಿಸಲು ಸಾಗರಕ್ಕೆ ಹೋಗುವುದಿತ್ತು. ಬೆಳಗ್ಗೆ ಎದ್ದು ನೋಡಿದರೆ ಕೊಡೆ, ಚೀಲ ಹಿಡಿದು ಬಸ್ಸಿಗೆ ಹೊರಟು ನಿಂತಿದ್ದಾರೆ. “ನಿನ್ನ ಮೀಟರು ಓಡದು ಬೇಡ” ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಅದೇ ನನಗೆ ಕಷ್ಟವಾದದ್ದು. ಒಡೆಯರಿಗೆ ಸಲ್ಲಬೇಕಾದುದನ್ನು ಮಗ ಅಳೆದು ಕೊಡಬೇಕಾಗಿರುವಾಗ ತಮ್ಮಿಂದ ಹೊರೆ ಹೆಚ್ಚಬಾರದು ಎಂಬ ಎಣಿಕೆ, ಅಷ್ಟೆ. ಬಹಳ ಒತ್ತಾಯ ಮಾಡಿ ಹತ್ತಿಸಿದೆ. ಮುಂದಿನ ಆಸನದಲ್ಲಿ ಕುಳಿತರು. ಎರಡೂ ಬದಿಗೆ ಗದ್ದೆಗಳು ಹಸಿರಾಗಿದ್ದವು. ಹೊಸ ಕಣ್ಣು ಬಂದಿದೆ, ನೋಡುತ್ತಾರೆ ಎಂದುಕೊಂಡೆ. ಅವರು ದಾರಿಯುದ್ದಕ್ಕೂ ಕನ್ನಡಕವನ್ನು ಹಣೆಗೆ ಏರಿಸಿ ಮೀಟರನ್ನೇ ನೋಡುತ್ತಿದ್ದರು. ಅಂಕಿಗಳು ಈಗ ಸ್ಪಷ್ಟವಾಗಿ ಕಾಣುತ್ತವೆ ಎಂದು ಒಂದು ಸಲ ಹೇಳಿದರು.

ಮನೆಗೆ ಬಂದು ಇಳಿದು, “ನಲವತ್ತೆಂಟು” ಎಂದರು. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ ಬರೆದರು.

ಹೊರಡುವ ಹೊತ್ತಿಗೆ ಮಗಳ ಕೈಗೆ ಹಣ ಕೊಟ್ಟರು. ಅಜ್ಜ ಪ್ರತಿಸಲ ಕೊಡುವ ನೂರು ರೂಪಾಯಿ ಎಂದು ನಾನು ಗಮನಿಸಲಿಲ್ಲ. ಆನಂದಪುರ ದಾಟಿದ ಮೇಲೆ ಅವಳು ಎಣಿಸಿ ಹೇಳಿದಳು: ನೂರು ಬೇರೆ, ಇನ್ನು ಮುನ್ನೂರ ಎಂಬತ್ತನಾಲ್ಕು ಬೇರೆ. “ಇದು ಕಾರಿನದ್ದು ಅಂದರು ಅಜ್ಜ.” ಕೂಡಲೆ ಫೋನು ಮಾಡಿ ಇದೇನು ಅಪ್ಪಯ್ಯ ಎಂದೆ. “ಇರಲಿ, ದೀಪಾವಳಿಗೆ ಬರ್ತಿಯಲ್ಲ?” ಎಂದರು. ಬರುತ್ತೇನೆ ಎಂದೆ.

ತಿಪಟೂರಿನ ಹತ್ತಿರ ಕಾರಿಗೆ ಪ್ಲಗ್ಗು ಹಾಕಿ ಕಾಫಿ ಕುಡಿದೆವು. ಹೋಟೆಲಿನವನು ನಾಲ್ಕು ರೂಪಾಯಿ ಚಿಲ್ಲರೆ ಇದ್ದರೆ ಕೊಡಿ ಎಂದ. ಎರಡು ರೂಪಾಯಿಯ ಎರಡು ನಾಣ್ಯ ನನ್ನ ಜೇಬಿನಲ್ಲೇ ಇದ್ದವು. ಇಲ್ಲವೆಂದೆ.