ಗಾಣದೆಣ್ಣೆಯೂ ವಿಕಿಪೀಡಿಯವೂ

ಗಾಣದೆಣ್ಣೆ ಕಂಪನಿ ನಡೆಸುವ ಗೆಳೆಯ ನಿನ್ನೆ ಫೋನ್ ಮಾಡಿದ್ದ. "ವಿಕಿಪೀಡಿಯದಲ್ಲಿ ನಮ್ಮದೊಂದು ಪುಟ ಮಾಡ್ಕೊಡೋ, ಮ್ಯಾಟರ್ ರೆಡಿ ಇದೆ" ಅಂದ. ಕಳಿಸಿದ ಬರಹದ ಮೊದಲ ಸಾಲೇ "ಪರಿಶುದ್ಧತೆಗೆ ಮತ್ತೊಂದು ಹೆಸರು". ಎಣ್ಣೆ ನಿಜಕ್ಕೂ ಚೆನ್ನಾಗಿದೆ, ನಮ್ಮ ಮನೆಗೂ ಅದೇ ಬರುತ್ತೆ. ಆದರೂ ಆ ಮಾತನ್ನು ಅವನೇ ಬರೆದುಕೊಂಡರೆ ಅದು ಡಬ್ಬದ ಮೇಲಿನ ಲೇಬಲ್ಲಾಗುತ್ತದೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ವಿಕಿಪೀಡಿಯ ಕಟ್ಟಿದ ಜಿಮ್ಮಿ ವೇಲ್ಸ್ ಅವರೇ 2005ರಲ್ಲಿ ತಮ್ಮ ಕುರಿತ ಪುಟವನ್ನು ತಿದ್ದಿ, ಲ್ಯಾರಿ ಸ್ಯಾಂಗರ್ ಸಹಸಂಸ್ಥಾಪಕರು ಎಂಬ ಮಾತನ್ನು ತೆಗೆದಿದ್ದರು. ಪುಟದ ಇತಿಹಾಸದಲ್ಲಿ ಪ್ರತಿ ತಿದ್ದುಪಡಿಯೂ ಉಳಿಯುತ್ತದೆ. ಅದು ಬೆಳಕಿಗೆ ಬಂತು, ಹಾಗೆ ಮಾಡಬಾರದಿತ್ತು ಅಂತ ಅವರೇ ಒಪ್ಪಿಕೊಂಡರು. ದುಡ್ಡು ಪಡೆದು ಬರೆಯುವವರು ಯಾರ ಪರವಾಗಿ ಬರೆಯುತ್ತಿದ್ದೇವೆ ಅಂತ ಹೇಳಲೇಬೇಕೆಂಬ ನಿಯಮ ಬಂದದ್ದು 2014ರಲ್ಲಿ. ನನಗದು ತುಂಬ ಸರಿ ಅನಿಸುತ್ತದೆ. ಆ ಪುಟಗಳನ್ನು ನಂಬಿ ಓದುವವರಲ್ಲಿ ಶಾಲೆ ಮಕ್ಕಳೂ ಇದ್ದಾರೆ.

"ನಿನ್ನ ಜಾಹೀರಾತು, ಪ್ರೆಸ್‌ನೋಟ್ ಬಿಟ್ಟು, ಯಾವ ಪತ್ರಿಕೆಯಾದರೂ ತಾನಾಗಿ ನಿನ್ನ ಕಂಪನಿ ಬಗ್ಗೆ ವಿವರವಾಗಿ ಬರೆದಿದೆಯಾ?" ಅಂತ ಗೆಳೆಯನನ್ನು ಕೇಳಿದೆ. ವಿಕಿಪೀಡಿಯದಲ್ಲಿ ಪುಟ ನಿಲ್ಲಬೇಕಾದರೆ ಅಂಥ ಬರಹದ ಆಧಾರ ಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರೆ ನಮ್ಮಜ್ಜನ ಕಲ್ಲುಗಾಣ?" ಅಂದ. ಅದು ಇನ್ನೂ ಅವರ ಹಿತ್ತಿಲಲ್ಲಿದೆ, ಒರಳಿನ ಅಂಚು ಸವೆದು ನುಣುಪಾಗಿದೆ. ಫೋಟೊ ತೆಗೆದು, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕೋಣ ಅಂದೆ. ಭಾನುವಾರ ಹೋಗ್ತಿದ್ದೀವಿ.