ಬಾಡಿಗೆ ವ್ಯಾಜ್ಯಗಳ ಕಾಲ

ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ವಕೀಲರೊಬ್ಬರ ಬಳಿ ಗುಮಾಸ್ತನಾಗಿ ಸೇರಿ, ಸ್ಮಾಲ್ ಕಾಸ್ ಕೋರ್ಟಿನ ಮೆಟ್ಟಿಲುಗಳ ಮೇಲೆ ಕಡತಗಳನ್ನು ಹೊತ್ತು ತಿರುಗಲಾರಂಭಿಸಿದ ಕಾಲಕ್ಕೆ, ‘ಎಚ್‌ಆರ್‌ಸಿ ಕೇಸು’, ಅಂದರೆ ಹೌಸ್ ರೆಂಟ್ ಕಂಟ್ರೋಲ್ ಕಾಯಿದೆಯ ವ್ಯಾಜ್ಯ, ಎಂಬ ಮಾತು ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ವಠಾರಗಳಲ್ಲಿ ನೆಗಡಿ ಕೆಮ್ಮುಗಳಷ್ಟೇ ಪರಿಚಿತವಾಗಿದ್ದಿತು.

ಮೈಸೂರು ಸೀಮೆಗೆ 1951ರ ಕಾಯಿದೆ, ಧಾರವಾಡದ ಕಡೆಗೆ 1947ರ ಮುಂಬಯಿ ಕಾಯಿದೆ, ಕಲಬುರ್ಗಿಗೆ ಹೈದರಾಬಾದಿನದು, ಮಂಗಳೂರಿಗೆ ಮದರಾಸಿನದು ಎಂದು ಚದುರಿದ್ದ ಕಟ್ಟಳೆಗಳನ್ನು ಏಕೀಕರಣಾನಂತರ ಒಂದುಗೂಡಿಸಿದ್ದು 1961ರ ಬಾಡಿಗೆ ನಿಯಂತ್ರಣ ಕಾಯಿದೆ. ಅದರ ಪ್ರಕಾರ ಮನೆ ಖಾಲಿಯಾದೊಡನೆ ಯಜಮಾನನು ಕಂಟ್ರೋಲರಿಗೆ ತಿಳಿಸತಕ್ಕದ್ದು. ಅದನ್ನು ಯಾರಿಗೆ ಕೊಡಬೇಕೆಂಬುದನ್ನು ಕಂಟ್ರೋಲರೇ ನಿಶ್ಚಯಿಸತಕ್ಕದ್ದು. ಆದುದರಿಂದಲೇ ಖಾಲಿ ಮನೆಯ ಕಿಟಕಿಗೆ ಪರದೆ ಕಟ್ಟಿ, ದೂರದ ಬಂಧುವೊಬ್ಬರು ವಾಸಿಸುತ್ತಿರುವರೆಂದು ನಟಿಸುವ ಯಜಮಾನರು ನಮ್ಮ ಕಕ್ಷಿಗಾರರಲ್ಲಿ ವಿರಳರಾಗಿರಲಿಲ್ಲ.

ಆ ಕಾಯಿದೆಯ ಜೀವವಿದ್ದುದು 21ನೆಯ ಪ್ರಕರಣದಲ್ಲಿ. ಮನೆ ತನ್ನ ಸ್ವಂತ ವಾಸಕ್ಕೆ ನಿಜವಾಗಿ ಬೇಕೆಂದು ಯಜಮಾನನು ರುಜುವಾತುಪಡಿಸಿದರೆ ಸಾಲದು. ಮನೆ ಬಿಡುವವನ ಕಷ್ಟ ದೊಡ್ಡದೋ, ಬಿಡಿಸಲಾಗದವನ ಕಷ್ಟ ದೊಡ್ಡದೋ ಎಂಬುದನ್ನೂ ನ್ಯಾಯಾಧೀಶರು ತೂಗಿನೋಡಬೇಕು. ಆಗ ಕಟಕಟೆಯಲ್ಲಿ ಬಯಲಾಗುತ್ತಿದ್ದುದು ಸಂಸಾರದ ಒಳಮನೆ: ಮದುವೆಗೆ ಬಂದ ಮಗಳು ಎಲ್ಲಿ ಮಲಗುತ್ತಾಳೆ, ಸೊಸೆಗೆ ಪ್ರತ್ಯೇಕ ಕೋಣೆಯುಂಟೆ, ಅತ್ತೆಯ ಕಾಲುನೋವಿಗೆ ಮೆಟ್ಟಿಲು ಹತ್ತಲಾದೀತೆ! ಎದುರು ಪಕ್ಷದವರು ದಶಕಗಳ ಕಾಲ ಒಂದೇ ನಲ್ಲಿಯ ನೀರು ಹಿಡಿದವರು. ಹಬ್ಬಕ್ಕೆ ಒಬ್ಬರ ಹೋಳಿಗೆ ಇನ್ನೊಬ್ಬರ ಮನೆಗೆ ಹೋಗಿದ್ದವರು. ವ್ಯಾಜ್ಯ ದಾಖಲಾದ ಮೇಲೆ ಬಾಡಿಗೆ ಮನಿಯಾರ್ಡರಿನಲ್ಲಿ ಬರುವುದು, ಯಜಮಾನನು ಅದನ್ನು ನಿರಾಕರಿಸುವುದು, ಅಂಚೆಯ ಆ ಹಿಂಬರಹವನ್ನೇ ಸಾಕ್ಷ್ಯವೆಂದು ನಾವು ಜೋಪಾನ ಮಾಡುವುದು. ಬಾಡಿಗೆ ಹಳೆಯ ಅಂಕಿಯಲ್ಲಿಯೇ ನಿಂತಿದ್ದರಿಂದ ಹೆಂಚು ಒಡೆದರೆ ತೆತ್ತವರಿಲ್ಲ. ಬಾಡಿಗೆದಾರನಿಗೆ ಸೂರಿನ ಅಭಯವನ್ನು ಕೊಟ್ಟ ಆ ಕಾಯಿದೆಯು ಸೂರನ್ನು ರಿಪೇರಿ ಮಾಡಿಸುವ ಮನಸ್ಸನ್ನು ಯಜಮಾನನಿಂದ ಕಸಿದುಕೊಂಡಿತೆಂದೇ ನನ್ನ ಅಭಿಪ್ರಾಯ. ನಮ್ಮ ವಕೀಲರು ಮಾತ್ರ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ.

1999ರ ಬಾಡಿಗೆ ಕಾಯಿದೆಯು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಾಗ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳೂ, 14 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿಗಳೂ ಅದರ ವ್ಯಾಪ್ತಿಯಿಂದ ಹೊರಗುಳಿದವು. ಹೊರಗುಳಿದ ಕಟ್ಟಡಗಳ ಬಾಕಿ ವ್ಯಾಜ್ಯಗಳು ತಾವಾಗಿಯೇ ರದ್ದಾಗತಕ್ಕದ್ದೆಂದು 70ನೆಯ ಪ್ರಕರಣವು ವಿಧಿಸಿತ್ತು. ವರ್ಷಾನುವರ್ಷ ವಾಯಿದೆಗಳಲ್ಲಿ ತೇಯ್ದ ಅಂಗಡಿ ಕೇಸುಗಳು ಒಂದೊಂದಾಗಿ ಮುಕ್ತಾಯವಾದುವು. ಅಂಥ ಕಕ್ಷಿಗಾರರೊಬ್ಬರು, ‘ಗೆದ್ದೆನೋ ಸೋತೆನೋ ಅದನ್ನಾದರೂ ಹೇಳಪ್ಪ’ ಎಂದು ನನ್ನನ್ನು ಕೇಳಿದರು. ಎರಡೂ ಅಲ್ಲವೆಂದೂ, ಸ್ವತ್ತು ವರ್ಗಾವಣೆ ಕಾಯಿದೆಯ ಮೇರೆಗೆ ಮತ್ತೆ ನೋಟೀಸು ಕೊಟ್ಟು ಹೊಸ ದಾವೆ ಹೂಡಬೇಕೆಂದೂ ವಿವರಿಸುವಷ್ಟರಲ್ಲಿ ನನಗೇ ಸಂಕೋಚವಾಯಿತು.

ಅಲ್ಲಿಂದೀಚೆಗೆ ಕಾಯಿದೆ ವಹಿಸಿದ್ದ ಕೆಲಸವನ್ನು ಮುಂಗಡದ ಹಣವು ವಹಿಸಿಕೊಂಡಿತು. ಹತ್ತು ತಿಂಗಳ ಅಡ್ವಾನ್ಸು, ವರ್ಷ ತುಂಬಿದರೆ ನೋಂದಣಿಯ ಖರ್ಚೆಂದು 11 ತಿಂಗಳ ಕರಾರು, ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಕಡಿತ: ಇವಿಷ್ಟೂ ಕೋರ್ಟಿನ ಮುಖ ಕಾಣದೆ ಸ್ಟಾಂಪು ಕಾಗದದ ಮೇಲೆಯೇ ಇತ್ಯರ್ಥವಾಗತೊಡಗಿದುವು. ಬಣ್ಣ ಬಳಿಸದೆಯೇ ಆ ತಿಂಗಳನ್ನು ಹಿಡಿದುಕೊಳ್ಳುವವರೂ ಉಂಟು. ಕೇಂದ್ರ ಸರಕಾರವು 2021ರಲ್ಲಿ ಒಪ್ಪಿದ ಮಾದರಿ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳಿಗೆ ಮೀರಿ ಠೇವಣಿ ಪಡೆಯಬಾರದೆನ್ನುತ್ತದೆ. ಅದನ್ನು ಅಂಗೀಕರಿಸುವುದು ಬಿಡುವುದು ರಾಜ್ಯಗಳ ಇಚ್ಛೆ. ಹತ್ತು ತಿಂಗಳ ಅಡ್ವಾನ್ಸಿನ ಬಡ್ಡಿಯಲ್ಲಿ ಮಗನ ಓದು ಸಾಗಿಸಿದ ಜಯನಗರದ ಯಜಮಾನರೊಬ್ಬರು ಈ ಸುದ್ದಿ ಕೇಳಿ, ಹಾಗಾದರೆ ಮನೆಗೆ ಬೀಗ ಹಾಕುವುದೇ ಲೇಸೆಂದರು. ಅವರ ತಂದೆಯೂ 1961ರ ಕಾಯಿದೆಯ ಕಾಲದಲ್ಲಿ ಹಾಗೆಯೇ ಬೀಗ ಹಾಕಿದ್ದರು.